ಬೀಗರ ಜೊತೆ ಮರಳುಗಾಡಿಗೆ

ವಯಸ್ಸಾದವರು ಹೇಳುವ ಸುಳ್ಳನ್ನು ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಬಿಳಿ ಕೂದಲಿಗೆ ಸಿಗುವ ರಿಯಾಯಿತಿಗಳಲ್ಲಿ ಇದೂ ಒಂದು. ಅದನ್ನು ನಾನು ಅತಿಯಾಗಿ ಬಳಸಿಕೊಂಡೆ ಎಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಇದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಂದಿನಿಂದ ನಾನು ಬೆಳಿಗ್ಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಬೀದರಿನ ಕೋಟೆ ಸುತ್ತಿ ಬರುತ್ತೇನೆಂದು ಹೆಂಡತಿ ಕಮಲಾಗೆ ಹೇಳಿ ಮನೆ ಬಿಡುತ್ತಿದ್ದೆ. ಬಿಡುತ್ತಿದ್ದುದು ನಿಜ. ಸುತ್ತುತ್ತಿದ್ದುದು ಮಾತ್ರ ಚಮಚ, ಚಹಾದ ಕಪ್ಪಿನೊಳಗೆ. ಓಣಿ ದಾಟಿದರೆ ಒಂದು ಹೋಟೆಲು. ಅಲ್ಲಿ ಬಿಸಿ ಭಜಿ, ನನ್ನಂತೆಯೇ ನಿವೃತ್ತರಾದ ಗೆಳೆಯರು. ಮನೆಗೆ ಮರಳುವಾಗ ನಲ್ಲಿಯ ನೀರು ಮುಖಕ್ಕೆ ಚಿಮುಕಿಸಿ ಬೆವರು ಬರಿಸಿಕೊಳ್ಳುತ್ತಿದ್ದೆ. ಔರಾದಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿ ವರ್ಷಗಟ್ಟಲೆ ನಿಂತವನು ನಾನು. ಅಷ್ಟು ದಾರಿ ಸವೆಸಿದ್ದು ಬಸ್ಸೇ ಆದರೂ ನಿಂತದ್ದು ನನ್ನ ಕಾಲುಗಳೇ ಅಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೆ.

ಸುಳ್ಳು ಮನೆಯಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಅದು ಭಾಲ್ಕಿಗೆ ಹೋಯಿತು. ನಮ್ಮ ಮಗಳು ಶೈಲಾಳನ್ನು ಕೊಟ್ಟದ್ದು ಅಲ್ಲಿಗೆ. ಅವಳ ಮಾವ ಮಾಣಿಕರಾವ್, ಅಂದರೆ ನಮ್ಮ ಬೀಗರು, ಒಂದು ದಿನ ಬಂದು ಊಟಕ್ಕೆ ಕೂತಾಗ ಹೇಳಿದರು: “ಬೀಗರೇ, ನಿಮ್ಮಂಥ ನಡಿಯೋ ಮನುಷ್ಯಾಗ ಬರೇ ಗುಡಿ ತಿರುಗೋ ಟೂರ್ ಯಾಕ ಬೇಕ್ರಿ? ಉಸುಕಿನ ದಿಬ್ಬದ ಮ್ಯಾಲ ನಡ್ಯೂಣು ನಡೀರಿ.” ರಾಜಸ್ಥಾನದಲ್ಲಿ ಮನೆಯಂಥ ವ್ಯಾನು ಬಾಡಿಗೆಗೆ ಸಿಗುತ್ತದಂತೆ. ಒಳಗೇ ಹಾಸಿಗೆ, ಒಲೆ, ನೀರಿನ ಟಾಕಿ. ನಾವಿಬ್ಬರು, ಅವರಿಬ್ಬರು. ರಾತ್ರಿ ವ್ಯಾನಿನಲ್ಲಿ ಮಲಗುವುದು, ಹಗಲು ಮರಳಿನಲ್ಲಿ ನಡೆಯುವುದು. ಹೆಣ್ಣು ಕೊಟ್ಟವನು ಬೀಗರ ಮಾತಿಗೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಮದುವೆಯಲ್ಲಿ ಬೀಗರ ಕಡೆಯ ಯಾರಿಗೋ ಉಡುಗೊರೆಯ ಟೋಪಿ ಟವೆಲ್ ತಪ್ಪಿದರೆ ಅದನ್ನು ಮೊಮ್ಮಕ್ಕಳ ಕಾಲದವರೆಗೂ ನೆನಪಿಡುವ ಸೀಮೆ ಇದು. ಆಗಲಿ ಎಂದೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ವ್ಯಾನು ನಡೆಸುವವರು ಬೀಗರೇ. ಅವರು ಈವರೆಗೆ ನಡೆಸಿದ್ದು ಟ್ರ್ಯಾಕ್ಟರು ಮತ್ತು ಸ್ಕೂಟರು. ಡ್ರೈವರನ ತಪ್ಪಿಗೆ ಸೀಟಿ ಊದಿ ಬಸ್ಸು ನಿಲ್ಲಿಸಿದವನು ನಾನು. ಬೀಗರಿಗೆ ಸೀಟಿ ಊದುವುದು ಹೇಗೆ? ಚಕ್ರ ಮರಳಿನಲ್ಲಿ ಹೂತರೆ ಇಳಿದು ತಳ್ಳಬೇಕಾದವನು ಹೆಣ್ಣಿನ ತಂದೆಯೇ. ಬೀಗಿತ್ತಿಯ ಎದುರು ಬನಿಯನ್‌ನಲ್ಲಿ ಕೂರುವಂತಿಲ್ಲ, ಕಾಲು ಚಾಚುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ಭಯ ನಡಿಗೆಯದು. ಮೊದಲ ದಿಬ್ಬದಲ್ಲೇ ನಾನು ಕುಸಿದು ಕೂತರೆ ಸುಳ್ಳು ಹೊರಬೀಳುತ್ತದೆ. ಅಪ್ಪ ಸುಳ್ಳುಗಾರನೆಂಬ ಮಾತನ್ನು ಶೈಲಾ ಆ ಮನೆಯಲ್ಲಿ ಎಷ್ಟು ದಿನ ಕೇಳಬೇಕೋ.

ಅಷ್ಟರಲ್ಲಿ ಬೀಗರು ಹೊಸ ಬೂಟು ಹಾಕಿಕೊಂಡು ಒಂದು ಬೆಳಿಗ್ಗೆ ಬೀದರಿಗೆ ಬಂದೇಬಿಟ್ಟರು. ಹೋಗುವ ಮುಂಚೆ ನನ್ನ ಜೊತೆ ಕೋಟೆ ಸುತ್ತಿ ರೂಢಿ ಮಾಡಿಕೊಳ್ಳುತ್ತಾರಂತೆ. ನನಗೋ ಕೋಟೆಯ ಬಾಗಿಲು ಬಿಟ್ಟರೆ ಮುಂದಿನ ದಾರಿ ಗೊತ್ತಿಲ್ಲ. ದಿನಾ ಬರುವವನ ಗತ್ತಿನಲ್ಲಿ ಮುಂದೆ ನಡೆದೆ. ದಾರಿ ಕಂದಕದ ಅಂಚಿನ ಜಾಲಿ ಮುಳ್ಳಿನಲ್ಲಿ ಮುಗಿದುಹೋಯಿತು. ಹಿಂತಿರುಗಿ ಬೇರೆ ದಾರಿ ಹಿಡಿದೆ. ಅದು ಯಾರದೋ ಎಮ್ಮೆ ಕೊಟ್ಟಿಗೆಗೆ ತಲುಪಿತು. ಬೀಗರು ಬೂಟಿಗೆ ಮೆತ್ತಿದ ಸೆಗಣಿ ಒರೆಸಿಕೊಂಡು ನನ್ನ ಹಿಂದೆಯೇ ಬಂದರು. ಈ ಸಲ ಬೆವರಿಗೆ ನಲ್ಲಿ ಬೇಕಾಗಲಿಲ್ಲ. ಒಂದು ಕಲ್ಲಿನ ಮೇಲೆ ಕುಸಿದು ಕೂತೆ.

“ಮಾಫ್ ಮಾಡ್ರಿ ಬೀಗರೇ. ನಾ ಒಂದಿನಾನೂ ಇದನ್ನ ಸುತ್ತಿಲ್ರಿ. ಹೋಟೆಲ್‌ದಾಗ ಕುಂತು ಚಹಾ ಕುಡೀತಿದ್ದೆ. ಇದ್ರಾಗ ಶೈಲಾಂದು ಏನೂ ತಪ್ಪಿಲ್ರಿ.”

ಅವರು ನನ್ನ ಪಕ್ಕದಲ್ಲೇ ಕೂತು ಕನ್ನಡಕ ಒರೆಸಿಕೊಂಡರು. “ಗೊತ್ತದ್ರಿ. ಹೋಟೆಲ್ ಇಲ್ಲದ ಜಾಗಾ ನೋಡ್ರಿ ಅಂತ ನಿಮ್ಮ ಮನಿ ಬೀಗಿತ್ತೇರೇ ಫೋನ್ ಮಾಡಿದ್ರು. ಭಾಳ ಹುಡುಕಿದೆ. ಹಿಂದೂಸ್ತಾನದಾಗ ಆ ಉಸುಕಿನ ದಿಬ್ಬ ಒಂದೇ ಸಿಕ್ತು ನೋಡ್ರಿ.”

ಮನೆಗೆ ಬಂದು, ಹೇಗೆ ಗೊತ್ತಾಯಿತೆಂದು ಕಮಲಾಳನ್ನು ಕೇಳಿದೆ. ಬೂಟಿನ ತಳ ಸವೆದಿಲ್ಲ, ಅಂಗಿಗೆ ಮಾತ್ರ ಭಜಿಯ ವಾಸನೆ. ಅವಳಿಗೆ ಅಷ್ಟೇ ಸಾಕಾಗಿತ್ತು. ಖಟಕ ಚಿಂಚೋಳಿಯಲ್ಲಿರುವ ಅವಳ ಅಣ್ಣ ಇದೇ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡವನು. “ನಾ ಹೇಳಿದ್ರ ಕೇಳ್ತಿದ್ರೇನು? ಬೀಗರಿಗಾದ್ರ ಇಲ್ಲ ಅನ್ನಲಿಕ್ಕ ನಿಮಗ ಬಾಯಿ ಬರೂದಿಲ್ಲ,” ಎಂದಳು. ಬಯ್ಯುವ ದನಿಯಲ್ಲೇ ಹೇಳಿದಳು. ಆದರೆ ಕಣ್ಣು ನನ್ನ ಪಾದಗಳ ಮೇಲಿತ್ತು.

ಪ್ರವಾಸವೇನೂ ರದ್ದಾಗಿಲ್ಲ. ಹೊರಡುವ ದಿನ ಹತ್ತಿರ ಬರುತ್ತಿದೆ. ಈಗ ಕಮಲಾ ಜೊತೆಗೇ ಬರುತ್ತಾಳೆ, ಹಾಗಾಗಿ ನಿಜವಾಗಿಯೇ ನಡೆಯುತ್ತಿದ್ದೇನೆ. ವ್ಯಾನಿನಲ್ಲಿ ಚಹಾ ಮಾಡುವವರು ಬೀಗಿತ್ತಿ. ಸಕ್ಕರೆ ಒಯ್ಯುವುದಿಲ್ಲವೆಂದು ಹೆಂಗಸರು ಗೊತ್ತು ಮಾಡಿದ್ದಾರೆ. ಪೂರ್ತಿ ಪಶ್ಚಾತ್ತಾಪ ಪಟ್ಟು ಹಗುರಾದೆನೆಂದು ನಾನೂ ನಂಬಿದ್ದೆ. ನಿನ್ನೆ ಬಟ್ಟೆ ಜೋಡಿಸುವಾಗ ಕಾಲುಚೀಲದೊಳಗೆ ಸಕ್ಕರೆಯ ಸಣ್ಣ ಪುಡಿಕೆ ಸಿಕ್ಕಿತು. ಇಟ್ಟವನು ನಾನೇ. ಹೊರಗೆ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಇದನ್ನು ಬರೆದು ಮುಗಿಸುವವರೆಗಾದರೂ ಅದು ಅಲ್ಲೇ ಇರಲಿ.