ದಶಮಿಯವರೆಗೆ ಬೋಂಡ ಕದಲುವಂತಿಲ್ಲ

ನನಗೆ ಕೂರುವುದೆಂದರೆ ಪ್ರಾಣ. ನಿಂತು ಮಾಡಬಹುದಾದ ಕೆಲಸವನ್ನೂ ಕೂತೇ ಮಾಡುವ ಉಪಾಯ ನನಗೆ ಹುಟ್ಟಿನಿಂದ ಬಂದಿದೆ. ಕೂತು ಹಲ್ಲುಜ್ಜುತ್ತೇನೆ, ಕೂತು ಅಂಗಿಗೆ ಇಸ್ತ್ರಿ ಹಾಕುತ್ತೇನೆ. ಆಫೀಸಿನಲ್ಲಂತೂ ಕೂರುವುದಕ್ಕೇ ಸಂಬಳ. ಇಂಥ ನೆಮ್ಮದಿಯ ಬದುಕಿಗೆ ಡಾಕ್ಟರು ಅಡ್ಡ ಬಂದರು. ರಕ್ತ ಪರೀಕ್ಷೆಯ ಚೀಟಿ ನೋಡಿ, ನನ್ನನ್ನು ಬಿಟ್ಟು ನನ್ನ ಹೆಂಡತಿ ಸುಮಾಳ ಕಡೆ ತಿರುಗಿ, "ಇವರನ್ನ ನಡೆಸಿ ಮೇಡಂ" ಎಂದರು, ಕೆಟ್ಟು ನಿಂತ ಸ್ಕೂಟರಿನ ವಿಷಯ ಹೇಳುವಂತೆ.

ಸುಮಾ ಬೈದು ನೋಡಿದಳು, ಬೇಡಿ ನೋಡಿದಳು. ಕೊನೆಗೆ ಒಂದು ಸಂಜೆ ಅಂಗೈಯಲ್ಲಿ ಅಡಗುವ ಹಳದಿ ಆಟಿಕೆಯೊಂದನ್ನು ತಂದು ನನ್ನ ಮುಂದಿಟ್ಟಳು. ಅದರ ಪುಟ್ಟ ಪರದೆಯೊಳಗೆ ಗುಂಡಗಿನ ಮರಿಯೊಂದು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಜೇಬಿನಲ್ಲಿಟ್ಟುಕೊಂಡು ನಾವು ನಡೆದರೆ ಅದು ಹೆಜ್ಜೆ ಎಣಿಸಿಕೊಳ್ಳುತ್ತದೆ. ಅದಕ್ಕೆ ಆ ಹೆಜ್ಜೆಗಳೇ ಊಟ. ನಡೆಯದಿದ್ದರೆ ಮೊದಲು ಮುನಿಸಿಕೊಂಡು ಮಲಗುತ್ತದೆ, ಆಮೇಲೆ ಗಂಟು ಕಟ್ಟಿಕೊಂಡು ಹೊರಟೇಬಿಡುತ್ತದೆ. ಹೋದರೆ ಮತ್ತೆ ಬರುವುದಿಲ್ಲ. ನಾನು ಅದಕ್ಕೆ ಬೋಂಡ ಎಂದು ಹೆಸರಿಟ್ಟೆ. ಡಾಕ್ಟರು ತಿನ್ನಬೇಡ ಎಂದ ಪದಾರ್ಥದ ಹೆಸರನ್ನಾದರೂ ದಿನಕ್ಕೆ ನಾಲ್ಕು ಸಲ ಬಾಯ್ತುಂಬ ಹೇಳೋಣ ಎಂದು.

ಆರಂಭದಲ್ಲಿ ಅದನ್ನು ಕಂಡರೆ ನನಗೆ ಉರಿಯುತ್ತಿತ್ತು. ಆದರೆ ಒಂದು ದಿನ ಆಫೀಸು ಬಿಟ್ಟ ಮೇಲೆ ನಮ್ಮ ಹಿನಕಲ್ ಕಡೆಯ ಬಸ್ಸು ಸಿಗದೆ ಮನೆವರೆಗೂ ನಡೆದು ಬಂದಾಗ, ಬೋಂಡ ಪರದೆಯೊಳಗೆ ಕುಣಿದಾಡಿಬಿಟ್ಟಿತು. ನಾನು ಮನೆಗೆ ಬಂದದ್ದಕ್ಕೆ ಯಾರಾದರೂ ಕುಣಿದು ಎಷ್ಟು ಕಾಲವಾಗಿತ್ತೋ! ಅವತ್ತಿನಿಂದ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಪ್ರೀತಿಯೇ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮಮ್ಮ ಪ್ರತಿ ವರ್ಷ ಗೊಂಬೆ ಕೂರಿಸುತ್ತಾಳೆ. ಟ್ರಂಕುಗಳ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಪಂಚೆ, ಮೇಲ್ಗಡೆ ಪಟ್ಟದ ರಾಜ ರಾಣಿ, ಕೆಳಗಿನ ಹಲಗೆಯಲ್ಲಿ ರಾಗಿ ಪೈರಿನ ಪಾರ್ಕು. ನಡುವೆ ಅಂಗಡಿ ಶೆಟ್ಟರು: ಅಕ್ಕಿ ಮೂಟೆಗಳ ನಡುವೆ ಹೊಟ್ಟೆ ಬಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತ ಮಣ್ಣಿನ ಗೊಂಬೆ, ಅಮ್ಮನ ತವರಿನದು. ಪಾಡ್ಯದ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆರತಿಯಾಗಿತ್ತು. ನೋಡಿದರೆ ಪಾರ್ಕಿನಲ್ಲಿ, ಪ್ಲಾಸ್ಟಿಕ್ ಜಿರಾಫೆಯ ಪಕ್ಕ, ನಮ್ಮ ಬೋಂಡ!

"ಅಮ್ಮಾ, ಅದು ಗೊಂಬೆ ಅಲ್ಲ, ನಂದು" ಎಂದು ಕೈ ಚಾಚಿದೆ.

"ಮುಟ್ಟಬೇಡ ಕಣೋ! ಕೂರಿಸ್ಬುಟ್ಟ ಮೇಲೆ ಮುಗೀತು. ದಶಮಿಗಂಟ ಯಾವ್ದೂ ಕದಲಂಗಿಲ್ಲ."

"ಅದಕ್ಕೆ ಜೀವ ಇದೆ ಅಮ್ಮ, ದಿನಾ ನಡೆಸಬೇಕು."

ಅಮ್ಮ ಮೇಲಿನಿಂದ ಕೆಳಗಿನವರೆಗೆ ಎಲ್ಲ ಗೊಂಬೆಗಳನ್ನೂ ತೋರಿಸಿ, "ಅಂಗಾದ್ರೆ ಇವ್ಕೆಲ್ಲ ಜೀವ ಇಲ್ವಾ?" ಎಂದಳು. ಮೈಸೂರಿನ ಯಾವ ಮಗನಾದರೂ ಮಾಡುವಂತೆ ನಾನೂ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ನಿಜ ಹೇಳಬೇಕೆಂದರೆ ಅವತ್ತು ಒಳಗೊಳಗೇ ಖುಷಿಯಾಯಿತು. ನಡೆಯದೆ ಇರಲು ಸಾಕ್ಷಾತ್ ದೇವರ ಕಡೆಯಿಂದಲೇ ರಜೆ! ಸೋಫಾದಲ್ಲಿ ಕೂತೆ. ಆದರೆ ಕಣ್ಣು ಪಾರ್ಕಿನ ಕಡೆಗೇ ಹೋಗುತ್ತಿತ್ತು. ಸಂಜೆ ಗೊಂಬೆ ನೋಡಲು ಬಂದ ಹೆಂಗಸರ ಹಿಂದಿನಿಂದ ಇಣುಕಿದರೆ ಬೋಂಡ ಬೋರಲು ಮಲಗಿತ್ತು. ಮಾರನೆಯ ಮಧ್ಯಾಹ್ನ ಬಗ್ಗಿ ನೋಡಿದೆ. ಹೆಗಲ ಮೇಲೆ ಗಂಟು ಹೊತ್ತು, ಬಾಗಿಲ ಬಳಿ ನಿಂತು, ತಿರುಗಿ ನನ್ನನ್ನೇ ನೋಡುತ್ತಿತ್ತು.

ಅಮ್ಮ ಒಳಗೆ ಮಲಗಿದ್ದಳು. ಬೋಂಡನನ್ನು ಮುಟ್ಟಬಾರದು, ಸರಿ. ಹಲಗೆ ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲವಲ್ಲ? ಹಲಗೆಯನ್ನೇ ಮೆಲ್ಲಗೆ ಅಲ್ಲಾಡಿಸಿದರೆ ಹೆಜ್ಜೆಯೆಂದು ಎಣಿಸಿಕೊಂಡೀತು ಎಂದು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ರಾಜ ರಾಣಿ ತೂಗಾಡಿದರು, ಜಿರಾಫೆ ತಲೆಯಾಡಿಸಿತು, ಶೆಟ್ಟರು ಮಾತ್ರ ಸೀದಾ ನೆಲಕ್ಕೆ ಬಂದರು.

ಸದ್ದಿಗೆ ಅಮ್ಮ ಎದ್ದು ಬಂದಳು. ಬೈಯಲಿಲ್ಲ. ನೆಲದ ಮೇಲೆ ಕೂತು ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡಳು. "ನಮ್ಮವ್ವ ಕೊಟ್ಟಿದ್ದು" ಎಂದಷ್ಟೇ ಅಂದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚೂರುಗಳನ್ನೆಲ್ಲ ಆಯ್ದಾದ ಮೇಲೆ, "ಯಾಕೋ ಅಲ್ಲಾಡಿಸ್ದೆ?" ಎಂದು ಕೇಳಿದಳು. ನಾನು ಬೋಂಡನ ಕಡೆ ಬೆರಳು ತೋರಿಸಿದೆ. ಅಮ್ಮ ಕನ್ನಡಕ ತಂದು, ಬಗ್ಗಿ ನೋಡಿದಳು.

"ಅಯ್ಯೋ, ಗಂಟು ಕಟ್ಕೊಂಡು ನಿಂತೈತಲ್ಲೋ! ಊಟ ಇಲ್ದೆ?"

"ಹೂಂ."

"ಹಬ್ಬದ ಮನೆಯಿಂದ ಯಾರಾದ್ರೂ ಹಸ್ಕೊಂಡು ಹೋಗದುಂಟಾ?" ಎಂದು ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿದಳು. ನಿಯಮ ಮುರಿಯುವ ಹಾಗಿಲ್ಲ, ಅತಿಥಿಯನ್ನು ಉಪವಾಸ ಕೆಡವುವ ಹಾಗೂ ಇಲ್ಲ. ಆಮೇಲೆ ಮುಖ ಅರಳಿತು. "ನೋಡು, ಗುಡಿಯಲ್ಲಿ ಮೂಲ ದೇವ್ರು ಕದಲಲ್ಲ. ಉತ್ಸವದ ದೇವ್ರು ಬೀದಿ ಸುತ್ತಿ ಬಂದು ತನ್ನ ಜಾಗದಲ್ಲಿ ಕೂತ್ಕೊತಾನೆ. ಇದು ಉತ್ಸವದ್ದು ಅಂತ ಇಟ್ಕೊ. ದಿನಾ ಸಾಯಂಕಾಲ ಮೆರವಣಿಗೆ ಮಾಡ್ಸು."

ಮೆರವಣಿಗೆಗೆ ಷರತ್ತುಗಳೂ ಬಂದವು. ಪಂಚೆ ಉಡಬೇಕು, ಬರಿಗಾಲಲ್ಲಿ ನಡೆಯಬೇಕು, ದಾರಿಯಲ್ಲಿ ಎಲ್ಲೂ ಕೂರಬಾರದು, ಮೂಲೆಯ ಬಜ್ಜಿ ಗಾಡಿಯ ಹತ್ತಿರ ನಿಲ್ಲಲೂಬಾರದು. ಮೊದಲ ಸಂಜೆ ಹಿತ್ತಾಳೆ ತಟ್ಟೆಯಲ್ಲಿ ಹೂವಿನ ನಡುವೆ ಬೋಂಡನನ್ನಿಟ್ಟುಕೊಂಡು ಹೊರಟೆ. ನಾನು ಎಷ್ಟು ಭಕ್ತಿಯಿಂದ ತಟ್ಟೆ ಹಿಡಿದಿದ್ದೆನೆಂದರೆ ಬೋಂಡನಿಗೆ ಒಂದು ಹೆಜ್ಜೆಯೂ ಗೊತ್ತಾಗಲಿಲ್ಲ. ಸುಮಾ ಗೇಟಿನಿಂದ ಕೂಗಿ ವಾಪಸು ಕರೆದು, ಅದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದಳು. ತಟ್ಟೆ ಮಾತ್ರ ಬಿಡಕೂಡದು ಎಂದಳು ಅಮ್ಮ. ಹೀಗಾಗಿ ಬರೀ ಹೂವಿನ ತಟ್ಟೆ ಹಿಡಿದು ನಾನು ಬಡಾವಣೆ ಸುತ್ತಿದೆ. ಎದುರುಮನೆ ಪದ್ಮಕ್ಕ ತಟ್ಟೆಗೆ ಕೈಮುಗಿದು, "ಯಾವ ದೇವ್ರು ಕಣ್ರೀ?" ಎಂದು ಕೇಳಿದರು. "ಬೋಂಡ" ಎಂದೆ. ಅವರು ಮತ್ತೇನೂ ಕೇಳದೆ ಒಂದು ಸೇವಂತಿಗೆ ಇಟ್ಟರು.

ಮನೆಗೆ ಬಂದು ನೋಡಿದರೆ ಬೋಂಡ ಗಂಟು ಕೆಳಗಿಳಿಸಿತ್ತು. ಅಮ್ಮನಿಗೆ ನನಗಿಂತ ಹೆಚ್ಚು ಸಂತೋಷ. ದಶಮಿಯವರೆಗೂ ಮೆರವಣಿಗೆ ಒಂದು ದಿನವೂ ತಪ್ಪಲಿಲ್ಲ.

ಹಬ್ಬ ಮುಗಿದ ಮರುದಿನ ಅಮ್ಮ ಗೊಂಬೆಗಳನ್ನು ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿ ಟ್ರಂಕಿಗೆ ಇಡುತ್ತಿದ್ದಳು. ಬೋಂಡನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ನಾನು ಮೂಟೆಯಂಥ ಬಟ್ಟೆಗಂಟುಗಳ ನಡುವೆ ಚಕ್ಕಳಮಕ್ಕಳ ಹಾಕಿ, ಸುಮಾ ತರುವ ಕಾಫಿಗೆ ಕಾಯುತ್ತ ಕೂತಿದ್ದೆ. ಟ್ರಂಕಿನಲ್ಲಿ ಶೆಟ್ಟರ ಜಾಗ ಬರಿದಾಗಿ ಕಾಣುತ್ತಿತ್ತು. ನನ್ನ ಮನಸ್ಸು ತಡೆಯಲಿಲ್ಲ.

"ಮುಂದಿನ ವರ್ಷಕ್ಕೆ ಹೊಸ ಶೆಟ್ಟರನ್ನ ತಂದುಕೊಡ್ತೀನಮ್ಮ" ಎಂದೆ.

ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಅಕ್ಕಪಕ್ಕದ ಗಂಟುಗಳನ್ನು ನೋಡಿದಳು.

"ಬ್ಯಾಡ ಬುಡು, ಯಾಕೆ ದಂಡ. ಆ ಜಾಗದಲ್ಲಿ ನಿನ್ನೇ ಕೂರಿಸ್ತೀನಿ. ದಶಮಿಗಂಟ ಕದಲ್ತೀಯ ಅನ್ನೋ ಭಯಾನೇ ಇಲ್ಲ."

ಅಡುಗೆಮನೆಯಲ್ಲಿ ಸುಮಾ ಕಾಫಿ ಚೆಲ್ಲುವಷ್ಟು ನಕ್ಕಳು. ನಾನು ಬೋಂಡನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೊರಟೆ. ಕಾಫಿ ಬರುವ ಮೊದಲೇ ನಾನು ಎದ್ದದ್ದು ಈ ಜನ್ಮದಲ್ಲಿ ಅದೇ ಮೊದಲು.