ಇಪ್ಪತ್ತಾರರ ಸೈಕಲ್ಲಿಗೆ ಇಪ್ಪತ್ತನಾಲ್ಕರ ಚಕ್ರ

ಸೈಕಲ್ ರಿಪೇರಿಯ ಸಕಲಕಲಾವಲ್ಲಭರೂ, ಇಡೀ ಬೀದಿಗೆ ‘ಅಡ್ಜಸ್ಟ್ ಅಣ್ಣ’ ಎಂದೇ ಪರಿಚಿತರೂ ಆದ ಮಾನ್ಯರೇ,

ತಮ್ಮ ಅಂಗಡಿಯ ಎದುರು ಸಾಲಿನಲ್ಲಿ ಹೊಲಿಗೆ ಯಂತ್ರ ತುಳಿದು ಬದುಕುವ ನಾನು, ಊದಿಕೊಂಡ ಮೊಣಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಮಾಡುವ ಸವಿನಯ ನಮಸ್ಕಾರಗಳು.

ಹೋದ ಸೋಮವಾರ ನನ್ನ ಸೈಕಲ್ಲಿನ ಸೊಟ್ಟಗಾದ ಮುಂದಿನ ಚಕ್ರವನ್ನು ತಮಗೆ ಒಪ್ಪಿಸಿದಾಗ, ಇಪ್ಪತ್ತಾರು ಇಂಚಿನದು ಸದ್ಯಕ್ಕಿಲ್ಲವೆಂದು ತಾವು ಯಾವುದೋ ಮಕ್ಕಳ ಸೈಕಲ್ಲಿನ ಇಪ್ಪತ್ತನಾಲ್ಕರ ಚಕ್ರವನ್ನು ನನ್ನ ಫ್ರೇಮಿಗೆ ಕೂರಿಸಿ, “ಎರಡಿಂಚು ಏನ್ ಮಹಾ ಅಕ್ಕ, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ” ಎಂದು ಅಭಯವಿತ್ತಿರಿ. ಅರ್ಧ ಇಂಚು ತಪ್ಪಿದರೂ ಗಿರಾಕಿಯಿಂದ ಬೈಸಿಕೊಳ್ಳುವ ಕಸುಬಿನವಳಾದ ನನಗೆ ತಮ್ಮ ಧೈರ್ಯ ಕಂಡು ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಅಂದಿನಿಂದ ಸೈಕಲ್ಲು ತಲೆತಗ್ಗಿಸಿ ಬಹಳ ವಿನಯದಿಂದ ನಡೆಯುತ್ತಿದೆ. ಏರು ಹತ್ತುವಾಗಲೂ ಇಳಿಯುತ್ತಿರುವ ಭಾಗ್ಯ ನನ್ನದು. ಆದರೆ ಬ್ರೇಕಿನ ರಬ್ಬರುಗಳು ಹಳೇ ಜಾಗದಲ್ಲೇ ಉಳಿದು, ರಿಮ್ಮು ಮಾತ್ರ ಅವುಗಳಿಗಿಂತ ಒಂದಿಂಚು ಕೆಳಗಿಳಿದಿದೆ ಎಂಬ ಸೂಕ್ಷ್ಮ ತಿಳಿದದ್ದು ಬುಧವಾರ, ಗಿರಾಕಿಯೊಬ್ಬರ ಹೊಸ ಕೋಟು ಹೊತ್ತು ಇಳಿಜಾರಿನಲ್ಲಿ ಹೊರಟಾಗ. ಬ್ರೇಕು ಒತ್ತಿದೆ, ಅದು ಗಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹಿಂದಿನ ಬ್ರೇಕಿನ ತಂತಿಯನ್ನಂತೂ ನಾಳೆ ಹಾಕೋಣವೆಂದು ತಾವೇ ಬಿಚ್ಚಿಟ್ಟುಕೊಂಡಿದ್ದಿರಿ.

ಇಳಿಜಾರಿನ ಬುಡದಲ್ಲಿ ನನ್ನ ತಂಗಿಯ ಲಾಂಡ್ರಿ. ಅಮ್ಮನ ಹೊಲಿಗೆ ಯಂತ್ರ ನನ್ನ ಪಾಲಿಗೆ ಬಂತೆಂಬ ಜಗಳದಲ್ಲಿ ನಾವು ಮಾತು ಬಿಟ್ಟು ಮೂರು ವರ್ಷ. ದಿನವೂ ಮುಖ ತಿರುಗಿಸಿಕೊಂಡು ಆ ಬಾಗಿಲನ್ನು ದಾಟುತ್ತಿದ್ದ ನಾನು ಅಂದು ನೇರ ಒಳನುಗ್ಗಿ, ಒಗೆಯದ ಚಾದರಗಳ ರಾಶಿಯಲ್ಲಿ ತಲೆಕೆಳಗಾಗಿ ನಿಂತೆ. “ಅಕ್ಕಾ, ಬರೋ ಮನಸ್ಸಿದ್ರೆ ನಡ್ಕೊಂಡೇ ಬರಬಹುದಿತ್ತಲ್ಲ!” ಎಂದವಳು, ನನ್ನ ಮೊಣಕಾಲಿಗೆ ಒದ್ದೆ ಬಟ್ಟೆ ಸುತ್ತುತ್ತಾ ನಕ್ಕಳು, ನಗುತ್ತಲೇ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಮುದ್ದೆಯಾಗಿದ್ದ ಕೋಟಿಗೆ ಅವಳೇ ಇಸ್ತ್ರಿ ಹಾಕಿ, ಗಿರಾಕಿಗೂ ತಲುಪಿಸಿ ಬಂದಳು.

ಮಾನ್ಯರೇ, ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದ ಕೋಪವನ್ನು ತಾವು ಒಂದೇ ಚಕ್ರದಿಂದ ಹಾಳುಗೆಡವಿದಿರಿ. ಈಗ ಅವಳು ದಿನಾ ಸಂಜೆ ಬಂದು, ನನ್ನ ಕುರ್ಚಿಯಲ್ಲೇ ಕೂತು, ಅಮ್ಮ ಯಂತ್ರಕ್ಕೆ ಹೇಗೆ ಎಣ್ಣೆ ಬಿಡುತ್ತಿದ್ದಳೆಂದು ನನಗೇ ಪಾಠ ಹೇಳುತ್ತಾಳೆ. ಈ ನಷ್ಟ ಭರಿಸಲಾಗದ್ದು. ಆದ್ದರಿಂದ ದಯಮಾಡಿ ಸರಿಯಾದ ಅಳತೆಯ ಚಕ್ರ ಹಾಕಿಕೊಡಿ. ಅದು ಕಷ್ಟವಾದರೆ, ನಾನು ಹೋದಲ್ಲೆಲ್ಲ ಮುಂದಿನ ಚಕ್ರದಡಿಯ ರಸ್ತೆಯನ್ನಾದರೂ ತುಸು ಎತ್ತರಿಸಿಕೊಡಬೇಕಾಗಿ ಪ್ರಾರ್ಥನೆ.

ಸದ್ಯಕ್ಕೆ ಒಂಟಿಕಾಲಿನಲ್ಲಿ ಹೊಲಿಯುತ್ತಿರುವ,
ತಮ್ಮ ವಿಶ್ವಾಸಿ,
ಎದುರು ಸಾಲಿನ ಹೊಲಿಗೆಯವಳು

ವಿ.ಸೂ.: ತಾವು ಸ್ವಂತಕ್ಕೆ ಓಡಿಸುವ ಸೈಕಲ್ಲನ್ನು ನಿನ್ನೆ ನನ್ನ ಟೇಪಿನಿಂದಲೇ ಅಳೆದು ನೋಡಿದೆ. ಎರಡೂ ಚಕ್ರ ಒಂದೇ ಅಳತೆ. ತಾವು ಇಷ್ಟೊಂದು ಹಳೇ ಕಾಲದವರೆಂದು ನಾನು ಎಣಿಸಿರಲಿಲ್ಲ.