ಬಾಲಪ್ಪನಿಗೆ ಬೇಕಾದ ಕೊಳೆ

ಕಲ್ಲನ್ನು ಕುಕ್ಕರಿನಲ್ಲಿ ಬೇಯಿಸುವುದರಲ್ಲಿ ಅಂಥ ತಪ್ಪೇನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ನಮ್ಮನೆ ಮಹಾನುಭಾವರು, ಅಂದರೆ ನನ್ನ ಗಂಡ, ಇದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಾರಂತೆ. ಆದ್ದರಿಂದ ನನ್ನ ಕಡೆಯ ವಾದವೂ ಈ ಡೈರಿಯಲ್ಲಿ ಇರಲಿ.

ನಮ್ಮ ನಡುಮನೆಯ ಮೂಲೆಯಲ್ಲಿ ಗಾಜಿನದೊಂದು ಮೀನಿನ ತೊಟ್ಟಿ ಇದೆ. ಪುಟ್ಟಿ (ನನ್ನ ಹಿರಿಮಗಳು, ಇನ್ನೂ ಶಾಲೆಯ ಗೇಟಿನಲ್ಲಿ ಅಳುವ ವಯಸ್ಸು) ಹಟ ಹಿಡಿದು ತರಿಸಿದ್ದು. ಅದರಲ್ಲಿ ಒಂದು ತುಂಬು ಸಂಸಾರದಷ್ಟು ಮೀನುಗಳು ಸುಖವಾಗಿದ್ದವು. ಒಂದು ಬೆಳಗ್ಗೆ ನೋಡಿದರೆ ಅವುಗಳ ಮೈಮೇಲೆ ಪುಡಿಯುಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಪಾಪ, ಹೋಗಿ ಹೋಗಿ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿವೆ.

"ಬೆನ್ನು ತುರಿಸ್ತಿರಬೇಕು," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ.

ಅದು ತುರಿಕೆಯಲ್ಲ, ಮೀನಿನ ಚರ್ಮದೊಳಗೇ ಬಿಡಾರ ಹೂಡುವ ಪರೋಪಜೀವಿ ಎಂದು ತಿಳಿಯುವ ಹೊತ್ತಿಗೆ ಒಂದೊಂದೇ ಮೀನು ಮಗುಚಿ ತೇಲತೊಡಗಿತ್ತು. ಕೊನೆಗೆ ಉಳಿದವನು ಬಾಲಪ್ಪ ಒಬ್ಬನೇ. ಕಿತ್ತಳೆ ಬಣ್ಣ, ಮೈಗಿಂತ ಬಾಲವೇ ದೊಡ್ಡದು, ಅದಕ್ಕೇ ಪುಟ್ಟಿ ಇಟ್ಟ ಹೆಸರು. ಅವನನ್ನು ಬಕೆಟ್ಟಿಗೆ ಸಾಗಿಸಿ, ಅಂಗಡಿಯಿಂದ ತಂದ ನೀಲಿ ಔಷಧ ಹನಿಸಿ, ದಿನಾ ನೀರು ಬದಲಾಯಿಸಿ ಬಾಣಂತಿಯ ಹಾಗೆ ನೋಡಿಕೊಂಡೆ. ಚುಕ್ಕೆಗಳು ಮಾಯವಾದವು.

ಪುಟ್ಟಿ ಮಾತ್ರ ಸರಿಹೋಗಲಿಲ್ಲ. ಎದ್ದವಳು ಹಲ್ಲುಜ್ಜುವ ಮುಂಚೆ ನನ್ನ ಹತ್ತಿರ ಬಂದು, "ಅಮ್ಮ, ಬಾಲಪ್ಪ ಇದ್ದಾನಾ?" ಎಂದು ಕೇಳುತ್ತಾಳೆ. ಕೇಳುವಾಗ ಬಕೆಟ್ಟಿನ ಕಡೆ ನೋಡುವುದಿಲ್ಲ, ನನ್ನ ಮುಖವನ್ನೇ ನೋಡುತ್ತಾಳೆ. ಉಳಿದ ಮೀನುಗಳ ವಿಷಯದಲ್ಲಿ 'ಇಲ್ಲ ಕಂದ' ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಇವನ ವಿಷಯದಲ್ಲಿ ಆ ಮಾತು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಅದಕ್ಕೇ ಶಪಥ ಮಾಡಿದೆ. ಬಾಲಪ್ಪ ಮರಳಿ ಕಾಲಿಡುವ (ಬಾಲವಿಡುವ ಎನ್ನೋಣ) ಮನೆಯಲ್ಲಿ ಒಂದೇ ಒಂದು ಕ್ರಿಮಿಯೂ ಉಳಿಯಕೂಡದು.

ಕ್ರಿಮಿಸಂಹಾರದಲ್ಲಿ ನಾನು ಸಾಮಾನ್ಯಳಲ್ಲ. ಮೊದಲು ಪುಟ್ಟಿಯ, ಈಗ ನನ್ನ ಎರಡನೆಯ ಕೂಸಿನ ಹಾಲಿನ ಬಾಟಲಿ ಕುದಿಸಿ ಕುದಿಸಿ ಕೈ ಪಳಗಿದವಳು. ತೊಟ್ಟಿಯನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ವಾಸನೆ ಹೋಗುವವರೆಗೆ ಜಾಲಿಸಿ, ತಾರಸಿಯ ಬಿಸಿಲಿಗೆ ಹಾಕಿದೆ. ಪ್ಲಾಸ್ಟಿಕ್ ಗಿಡಗಳನ್ನು ಕೂಸಿನ ಬಾಟಲಿ ಕುದಿಸುವ ಯಂತ್ರದಲ್ಲಿಟ್ಟೆ. ಹೊರಗೆ ತೆಗೆದಾಗ ಅವು ತಲೆ ಬಗ್ಗಿಸಿ ನಿಂತಿದ್ದವು. (ಪ್ಲಾಸ್ಟಿಕ್ ಗಿಡವನ್ನೂ ಬಾಡಿಸಿದ ಕೀರ್ತಿ ಬೇರೆ ಯಾವ ಗೃಹಿಣಿಗಿದೆ?) ನೀರು ಸೋಸುವ ಫಿಲ್ಟರಿನ ಸ್ಪಂಜನ್ನು ಕುದಿಸಿದೆ, ಹಿಂಡಿದೆ, ಮತ್ತೆ ಕುದಿಸಿದೆ. ಅದು ಮುದುಡಿ ಬಿಸ್ಕತ್ತಿನಷ್ಟಾಯಿತು. ಹೊಸದು ತಂದು ಅದನ್ನೂ ಕುದಿಸಿದೆ. ಕೊನೆಗೆ ತಳದ ಕಲ್ಲುಗಳನ್ನು ಕುಕ್ಕರಿಗೆ ಹಾಕಿ ಒಲೆ ಹಚ್ಚಿದೆ.

ಆಗಲೇ ಇವರು ಆಫೀಸಿನಿಂದ ಬಂದದ್ದು. ಸೀಟಿ ಕೇಳಿ ಮುಖ ಅರಳಿತು.

"ಏನಿವತ್ತು ವಿಶೇಷ?"

"ಕಲ್ಲು."

"ಏನಂದೆ?"

"ಕಲ್ಲು ಬೇಯಿಸ್ತಿದೀನಿ ಅಂದೆ."

ಕುಕ್ಕರನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. "ನಿನ್ನೆ ಅನ್ನ ಸ್ವಲ್ಪ ಗಟ್ಟಿ ಇದೆ ಅಂದಿದ್ದಕ್ಕೆ ಇಷ್ಟೊಂದು ಸಿಟ್ಟಾ?"

ತೊಟ್ಟಿ ಮತ್ತೆ ತುಂಬಿತು. ನೀರು ಇದೆಯೋ ಇಲ್ಲವೋ ಎಂದು ಕೈ ಹಾಕಿ ನೋಡಬೇಕು, ಅಷ್ಟು ನಿರ್ಮಲ. ಬಾಲಪ್ಪನ ಗೃಹಪ್ರವೇಶವಾಯಿತು, ಪುಟ್ಟಿ ಚಪ್ಪಾಳೆ ತಟ್ಟಿದಳು, ನಾನು ಬೀಗಿದೆ. ಕೆಲವೇ ದಿನಗಳಲ್ಲಿ ಆ ನಿರ್ಮಲ ಜಲ ಹಾಲಿನ ಪಾತ್ರೆ ತೊಳೆದ ನೀರಿನ ಹಾಗಾಯಿತು. ಬಾಲಪ್ಪ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದ. ಬಾಲ ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡಿತು. ಅವನನ್ನು ಮತ್ತೆ ಬಕೆಟ್ಟಿಗೆ ಹಾಕಿದೆ. ಪುಟ್ಟಿ ಊಟದ ತಟ್ಟೆ ಹಿಡಿದು ಬಕೆಟ್ಟಿನ ಪಕ್ಕ ಹೋಗಿ ಕೂತಳು.

ಇವರು ಮೊಬೈಲ್ ಹಿಡಿದು ಏನೇನೋ ಓದಿದರು. ಗಂಟಲು ಸರಿಮಾಡಿಕೊಂಡರು.

"ತೊಟ್ಟಿ ತುಂಬಾ ಕ್ಲೀನಾಗಿದೆ. ಅದೇ ತೊಂದರೆಯಂತೆ."

"ಕ್ಲೀನಾಗಿದ್ರೆ ಎಂಥ ತೊಂದರೆ?"

"ಮೀನು ಮಾಡೋ ಗಲೀಜನ್ನ ತಿಂದು ಅರಗಿಸಿಕೊಳ್ಳೋ ಒಳ್ಳೆ ಕ್ರಿಮಿಗಳು ಅಂತ ಇರ್ತವಂತೆ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ. ಅವಿಲ್ಲದಿದ್ರೆ ನೀರು ವಿಷವಾಗುತ್ತಂತೆ."

"ಮತ್ತೆ ನಮ್ಮ ತೊಟ್ಟೀಲಿದ್ದವು ಎಲ್ಲಿ ಹೋದವು?"

"ನೀನು ಬೇಯಿಸಿದೆ."

ಕೆಟ್ಟ ಕ್ರಿಮಿಗಳೂ ಒಳ್ಳೆಯವೂ ಒಂದೇ ಕುಕ್ಕರಿನಲ್ಲಿ ಬೆಂದಿದ್ದವು. ಒಳ್ಳೆಯವು ತಾವಾಗಿ ಮತ್ತೆ ಹುಟ್ಟಿ ಬೆಳೆಯಲು ವಾರಗಟ್ಟಲೆ ಬೇಕು. ಬಾಲಪ್ಪನಿಗೆ ಅಷ್ಟು ವ್ಯವಧಾನ ಇದ್ದಂತೆ ಕಾಣಲಿಲ್ಲ. ಇನ್ನೊಂದು ದಾರಿಯೂ ಇತ್ತು. ರೋಗವಿಲ್ಲದ ಹಳೆಯ ತೊಟ್ಟಿಯಿಂದ ಕೊಳೆ ತುಂಬಿದ ಸ್ಪಂಜೊಂದನ್ನು ತಂದು ಹಾಕುವುದು. "ಎಷ್ಟು ಕೊಳೆಯೋ ಅಷ್ಟು ಒಳ್ಳೇದಂತೆ," ಎಂದು ಇವರು ಓದಿದರು. ಇಬ್ಬರ ಕಣ್ಣ ಮುಂದೆಯೂ ಒಂದೇ ಮನೆ ಬಂದು ನಿಂತಿತ್ತು.

"ಅತ್ತಿಗೆ ಮನೆ," ಎಂದರು ಕೊನೆಗೆ, ನೆಲ ನೋಡುತ್ತ.

ನನ್ನ ಓರಗಿತ್ತಿಯ ಮನೆ ಹಿಂದಿನ ಬೀದಿಯಲ್ಲೇ ಇದೆ. ಅಲ್ಲಿ ಕುರ್ಚಿಗಳ ಮೇಲೆ ಬಟ್ಟೆ ಕೂತಿರುತ್ತದೆ, ಮನುಷ್ಯರು ನಿಂತಿರುತ್ತಾರೆ. ಅವರ ತೊಟ್ಟಿಯ ನೀರು ಎಷ್ಟು ಹಸಿರೆಂದರೆ ಒಳಗೆ ಮೀನುಗಳಿವೆ ಎನ್ನುವುದು ನಂಬಿಕೆಗೆ ಬಿಟ್ಟ ವಿಷಯ. ಹೋದ ಸಲ ಹೋದಾಗ ನಾನೇ, "ಅಕ್ಕ, ಇದನ್ನ ಹೀಗೇ ಬಿಟ್ಟಿದೀರಲ್ಲ, ಬೇಕಾದ್ರೆ ನಾನು ಬಂದು ತೊಳೆದುಕೊಡ್ಲಾ?" ಎಂದು ಕೇಳಿ ಬಂದಿದ್ದೆ. ಈಗ ಅದೇ ಬಾಯಿ ಹೊತ್ತುಕೊಂಡು ಅದೇ ಬಾಗಿಲು ತಟ್ಟಿದೆ.

"ಅಕ್ಕ, ಸ್ವಲ್ಪ ಕೊಳೆ ಬೇಕಿತ್ತು."

"ಏನು ಬೇಕಿತ್ತು?" ಸರಿಯಾಗಿ ಕೇಳಿಸಿತ್ತು ಅವರಿಗೆ. ಇನ್ನೊಂದು ಸಲ ಕೇಳುವ ಆಸೆ, ಅಷ್ಟೇ.

"ಕೊಳೆ."

"ಅಡುಗೆಮನೇದು ಕೊಡ್ಲಾ, ಮಂಚದ ಕೆಳಗಿಂದು ಕೊಡ್ಲಾ? ನಮ್ಮಲ್ಲಿ ಎಲ್ಲಾ ಥರದ್ದೂ ಇದೆ ಅಂತ ನೀನೇ ನಾಲ್ಕು ಜನರ ಹತ್ರ ಹೇಳಿದೀಯಂತೆ."

ಬಾಲಪ್ಪನ ಸ್ಥಿತಿ ಹೇಳಿದೆ. ಪುಟ್ಟಿ ಬಕೆಟ್ಟಿನ ಪಕ್ಕ ಕೂತು ಉಣ್ಣುವುದನ್ನೂ ಹೇಳಿದೆ. ಅವರ ಚೇಷ್ಟೆ ಅಲ್ಲಿಗೇ ನಿಂತಿತು. ತೋಳಿನ ಬಟ್ಟೆ ಮೇಲಕ್ಕೆ ಮಡಚಿ ತೊಟ್ಟಿಗೆ ಕೈ ಹಾಕಿ ಫಿಲ್ಟರಿನ ಸ್ಪಂಜ್ ತೆಗೆದರು. ಕಂದು ಬಣ್ಣ, ಲೋಳೆ ಲೋಳೆ, ಮುಟ್ಟಿದರೆ ಉಸಿರಾಡುವಂತಿತ್ತು. ಕತ್ತರಿಯಿಂದ ಒಂದು ತುಂಡು ಕತ್ತರಿಸಿ, ಅದೇ ನೀರಿನ ಜೊತೆ ಡಬ್ಬಿಗೆ ಹಾಕಿಕೊಟ್ಟರು. "ಒಣಗಿಸಬೇಡ. ತೊಳೀಬೇಡ. ಅಭ್ಯಾಸಬಲ ಅಂತ ಕುದಿಸಿಬಿಡಬೇಡ ಮಾರಾಯ್ತಿ."

ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಬಂದರೆ ಕೂಸು ಕಿರುಚಿ ಮನೆಯೆಲ್ಲ ಒಂದು ಮಾಡಿತ್ತು. ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟು ಒಳಗೆ ಓಡಿದೆ. ಹಾಲು ಕುಡಿಸಿ ಮಲಗಿಸಿ ಹೊರಬಂದೆ. ಇವರು ಅಡುಗೆಮನೆಯಲ್ಲಿ ಮೊಣಕೈವರೆಗೆ ನೊರೆ ಮಾಡಿಕೊಂಡು, ಬಹುಮಾನ ಬಂದವರ ಹಾಗೆ ನಿಂತಿದ್ದರು. ಮದುವೆಯಾದಂದಿನಿಂದ ಹೇಳದೆ ಒಂದು ಲೋಟವನ್ನೂ ತೊಳೆದವರಲ್ಲ.

"ನೋಡು, ನೀನು ಹೇಳೋ ಮುಂಚೇನೇ," ಎಂದು ಸ್ಪಂಜ್ ಎತ್ತಿ ತೋರಿಸಿದರು. ಅದು ಹಳದಿಯಾಗಿ ಹೊಳೆಯುತ್ತಿತ್ತು. ನಿಂಬೆ ಸೋಪಿನ ಪರಿಮಳ.

ಖಾಲಿ ಡಬ್ಬಿಯನ್ನು ಎತ್ತಿ ನೋಡಿದೆ. "ಕೊಳೆ ಬೇಕು ಅಂತ ಓದಿ ಹೇಳಿದ್ದು ಯಾರು?"

"ನಾನೇ." ಕೈಯಲ್ಲಿದ್ದದ್ದನ್ನು ಆಗ ನೋಡಿದರು, ಮುಖ ಇಳಿಯಿತು. "ಸಿಂಕಿನ ಪಕ್ಕ ಇತ್ತು ಕಣೇ. ಕಪ್ಪಗಿತ್ತು. ನಿನ್ನ ಧ್ವನಿ ಕೇಳಿಸಿದ ಹಾಗಾಯ್ತು, ಕೈ ತಾನಾಗೇ ಸೋಪಿಗೆ ಹೋಯ್ತು."

ಬೈಯಲು ಬಾಯಿ ತೆರೆದೆ. ವರ್ಷಗಟ್ಟಲೆ ನಾನೇ ತಿದ್ದಿ ತೀಡಿದ ಶಿಷ್ಯ, ಬೈಯುವುದಾದರೂ ಹೇಗೆ? ಮತ್ತೆ ಹಿಂದಿನ ಬೀದಿಗೆ ನಡೆದೆ.

ಓರಗಿತ್ತಿ ನನ್ನ ಮುಖ ನೋಡಿದ್ದೇ, "ತೊಳೆದೆ," ಎಂದರು.

"ನಾನಲ್ಲ, ಇವರು."

"ನಮ್ಮ ಮೈದುನಾನಾ? ಅವನಾಗಿ ಅವನೇ?" ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ನೆಲಕ್ಕೆ ತಳ್ಳಿ ಕೂತು ಸುಧಾರಿಸಿಕೊಂಡರು. "ನಿಮ್ಮಿಬ್ಬರ ಕೈಗೂ ಇನ್ನು ಕೊಡಲ್ಲ. ನಾನೇ ಬರ್ತೀನಿ."

ಬಂದರು. ಎಡಗೈಯಲ್ಲಿ ಉಳಿದ ಸ್ಪಂಜಿನ ಅರ್ಧ ಇಟ್ಟ ಚೊಂಬು, ಕಾಲಲ್ಲಿ ಚಪ್ಪಲಿ. ಒರೆಸಿ ಫಳಫಳಿಸುತ್ತಿದ್ದ ನನ್ನ ನಡುಮನೆಯ ಉದ್ದಕ್ಕೂ ಹಸಿರು ಹನಿ ಉದುರಿಸುತ್ತ ನಡೆದರು. ನನ್ನ ಕೈ ನೆಲ ಒರೆಸುವ ಬಟ್ಟೆಯತ್ತ ಹೊರಟಿತು. "ನಿಂತಲ್ಲೇ ನಿಲ್ಲು," ಎಂದರು. ನಿಂತೆ. ಇವರೂ ನಿಂತರು. ಸ್ಪಂಜನ್ನು ತೊಟ್ಟಿಯೊಳಗೇ ಒಮ್ಮೆ ಹಿಂಡಿ, ಫಿಲ್ಟರಿಗೆ ತುರುಕಿ, ಕೈಯನ್ನು ನನ್ನ ಸೋಫಾದ ಬಿಳಿ ಹೊದಿಕೆಗೆ ಒರೆಸಿಕೊಂಡರು. ನಾನು ನೋಡಿದೆ. ನೋಡುತ್ತಲೇ ಇದ್ದೆ.

ತೊಟ್ಟಿಗೆ ಮರಳಿದ ಬಾಲಪ್ಪ ಬದುಕಿದ. ಮೊದಲು ಬಾಯಿ ಮುಚ್ಚಿದ, ಆಮೇಲೆ ಕೆಳಗಿಳಿದ, ಆಮೇಲೆ ಒಂದು ದಿನ ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ ಉಂಡು ತೇಗಿದವನಂತೆ ತಿರುಗಾಡಿದ. ಪುಟ್ಟಿ ಈಗ ಊಟಕ್ಕೆ ಮೇಜಿನ ಹತ್ತಿರವೇ ಬರುತ್ತಾಳೆ, ಮೊದಲಿನ ಹಾಗೆ ಹಟವನ್ನೂ ಮಾಡುತ್ತಾಳೆ.

ಓರಗಿತ್ತಿ ಈಗ ಪ್ರತಿ ಭಾನುವಾರ ತಪಾಸಣೆಗೆ ಬರುತ್ತಾರೆ. ಮೊನ್ನೆ ಬಂದವರು ತೊಟ್ಟಿಯ ಒಳಗಾಜಿನ ಮೇಲೆ ಬೆರಳು ಎಳೆದು, ಹತ್ತಿದ ಹಸಿರು ಪಾಚಿಯನ್ನು ಬೆಳಕಿಗೆ ಹಿಡಿದು, "ಬರ್ತಾ ಇದೆ, ಪರವಾಗಿಲ್ಲ," ಎಂದು ತಲೆದೂಗಿದರು. ನಾನು ಪರೀಕ್ಷೆ ಬರೆದವಳ ಹಾಗೆ ಕೈಕಟ್ಟಿ ನಿಂತಿದ್ದೆ.

ಪುಟ್ಟಿ ಅವರ ಕೈ ಹಿಡಿದು ಜಗ್ಗಿದಳು. "ದೊಡ್ಡಮ್ಮ, ನೀವು ನಮ್ಮನೇಲೇ ಇದ್ದುಬಿಡಿ. ಅಮ್ಮಂಗೆ ಗಲೀಜು ಮಾಡೋಕೆ ಬರಲ್ಲ."

ಅವರು ನನ್ನ ಬೆನ್ನು ತಟ್ಟಿದರು, ಅದೇ ಒದ್ದೆ ಕೈಯಿಂದ.

"ಕಲೀತಾಳೆ ಬಿಡು ಪುಟ್ಟಿ. ಎಲ್ಲರಿಗೂ ಒಂದೇ ಸಲಕ್ಕೆ ಬರುತ್ತಾ?"